ಕಂಡಿಕೆ ಮತ್ತು ಗಣಕಯಂತ್ರ

ಚಿತ್ರದುರ್ಗ ಜಿಲ್ಲೆಯಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮುರು ಎಂಬ ಎರಡು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ಕುರುಚಲು ಗಿಡಗಳ ಬಯಲು, ಬಂಡೆಗಳ ಗುಡ್ಡ, ಶೇಂಗಾ ಹೊಲ, ಕುರಿಗಳ ಮಂದೆ, ಇವು ಇಲ್ಲಿನ ದಾರಿಹೋಕನ ಕಣ್ಣಿಗೆ ಮೊದಲು ಬೀಳುವ ನೋಟಗಳು. ಚಳ್ಳಕೆರೆಯು ಎಣ್ಣೆ ಗಿರಣಿಗಳಿಗೂ ಕಂಬಳಿಗೂ ಹೆಸರಾಗಿದ್ದರೆ, ಮೊಳಕಾಲ್ಮುರು ತನ್ನ ರೇಷ್ಮೆ ಸೀರೆಗಳಿಗೆ ನಾಡಿನಾದ್ಯಂತ ಹೆಸರಾಗಿದೆ. ಈ ನೆಲಕ್ಕೂ ಗಣಕಯಂತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಗಣಕಯಂತ್ರವು ಸಾವಿರಾರು ಪುಟಗಳನ್ನು ಹೇಗೆ ಬರೆದು, ಕೂಡಿಟ್ಟು, ಸರದಿಯಂತೆ ಮುದ್ರಿಸುತ್ತದೆ ಎಂಬುದನ್ನು ಅರಿಯಬೇಕಾದರೆ ಮೊಳಕಾಲ್ಮುರಿನ ನೇಕಾರನ ಮನೆಗಿಂತಲೂ ಚಳ್ಳಕೆರೆಯ ಎಣ್ಣೆ ಗಿರಣಿಗಿಂತಲೂ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಮೊದಲು ನೇಕಾರನ ಮನೆಗೆ ಹೋಗೋಣ. ಮಗ್ಗದ ಮೇಲೆ ಉದ್ದಕ್ಕೆ ಹರಡಿರುವ ಎಳೆಗಳಿಗೆ ಹಾಸು ಎಂದು ಹೆಸರು. ಅಡ್ಡಲಾಗಿ ಓಡುವ ಎಳೆಗೆ ಹೊಕ್ಕು ಎಂದು ಹೆಸರು. ಹೊಕ್ಕಿನ ನೂಲನ್ನು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ. ಆ ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಸಣ್ಣ ಕೊಳವೆಯೊಂದು ಇರುತ್ತದೆ. ಅದೇ ಕಂಡಿಕೆ. ಮನೆಯವರು ರಾಟೆಯ ಮುಂದೆ ಕುಳಿತು ಬಿಡುವಿದ್ದಾಗ ಕಂಡಿಕೆಗಳನ್ನು ಸುತ್ತಿ ಬುಟ್ಟಿಯಲ್ಲಿ ಇಡುತ್ತಾರೆ. ನೇಕಾರನು ತನಗೆ ಬೇಕಾದಾಗ ಒಂದೊಂದನ್ನೇ ತೆಗೆದುಕೊಂಡು ಲಾಳಿಗೆ ಹಾಕಿಕೊಳ್ಳುತ್ತಾನೆ. ಸುತ್ತುವವರ ವೇಗವೇ ಬೇರೆ, ನೇಯುವವನ ವೇಗವೇ ಬೇರೆ. ಆದರೂ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ನಡುವೆ ಇರುವ ಬುಟ್ಟಿಯೂ ಅದರೊಳಗಿನ ಕಂಡಿಕೆಗಳೂ ಈ ಎರಡು ವೇಗಗಳನ್ನು ಹೊಂದಿಸಿಕೊಡುತ್ತವೆ. ಇಂಗ್ಲಿಷಿನಲ್ಲಿ ನೂಲು ಸುತ್ತುವ ಇಂಥ ಕೊಳವೆಗೆ ‘ಸ್ಪೂಲ್’ ಎಂಬ ಮಾತಿದೆ. ಗಣಕಯಂತ್ರದ ಲೋಕವು ಈ ಮಾತನ್ನೇ ಎತ್ತಿಕೊಂಡು ತನ್ನದಾಗಿಸಿಕೊಂಡಿದೆ.

ಮಗ್ಗವು ಗಣಕಯಂತ್ರಕ್ಕೆ ಕೊಟ್ಟ ಕಾಣಿಕೆ ಇದೊಂದೇ ಅಲ್ಲ. 1804ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ಎಂಬಾತನು ಮಗ್ಗಕ್ಕೊಂದು ಹೊಸ ಸಾಧನವನ್ನು ಜೋಡಿಸಿದನು. ರಂಧ್ರಗಳನ್ನು ಕೊರೆದ ರಟ್ಟಿನ ಕಾರ್ಡುಗಳನ್ನು ಒಂದಕ್ಕೊಂದು ಹೊಲಿದು ಮಾಲೆ ಮಾಡಿ ಮಗ್ಗದ ತಲೆಯ ಮೇಲೆ ತಿರುಗಿಸುವುದು ಅದರ ಕ್ರಮ. ರಂಧ್ರವಿರುವ ಕಡೆ ಕೊಕ್ಕೆ ಮೇಲೇರಿ ಹಾಸಿನ ಎಳೆಯನ್ನು ಎತ್ತುತ್ತದೆ. ರಂಧ್ರವಿಲ್ಲದ ಕಡೆ ಎಳೆಯು ಇದ್ದಲ್ಲೇ ಉಳಿಯುತ್ತದೆ. ಹೀಗೆ ಒಂದೊಂದು ಕಾರ್ಡು ಹೊಕ್ಕಿನ ಒಂದೊಂದು ಓಟಕ್ಕೆ ಅಪ್ಪಣೆ ಕೊಡುತ್ತ ಹೋಗಿ, ಬಟ್ಟೆಯ ಮೇಲೆ ನವಿಲೋ ಹೂವೋ ಗೋಪುರವೋ ಮೂಡುತ್ತದೆ. ರೇಷ್ಮೆ ಸೀರೆಯ ಅಂಚಿಗೂ ಸೆರಗಿಗೂ ಚಿತ್ತಾರ ತರುವ ಈ ಜಕಾರ್ಡ್ ಇಂದಿಗೂ ನಮ್ಮ ನಾಡಿನ ಮಗ್ಗಗಳ ಮೇಲೆ ಕುಳಿತಿದೆ. ಚಿತ್ತಾರವನ್ನು ಕಲ್ಪಿಸಿ ಕಾರ್ಡು ಕೊರೆದವನು ಮಗ್ಗದ ಬಳಿ ಇಲ್ಲದಿದ್ದರೂ ಅವನ ಅಪ್ಪಣೆ ಅಲ್ಲಿ ನಡೆಯುತ್ತದೆ. ಈ ಮಾತನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಈ ಪಾಠದ ತಿರುಳೇ ಅದು.

ಜಕಾರ್ಡನ ಕಾರ್ಡುಗಳಿಂದ ಪ್ರೇರಣೆ ಪಡೆದು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತಾನು ಯೋಜಿಸಿದ ಲೆಕ್ಕದ ಯಂತ್ರಕ್ಕೆ ಕಾರ್ಡುಗಳ ಮೂಲಕವೇ ಅಪ್ಪಣೆ ಕೊಡಬೇಕೆಂದು ಬಗೆದನು. ಮುಂದೆ 1890ರಲ್ಲಿ ಅಮೆರಿಕದ ಜನಗಣತಿಯ ಲೆಕ್ಕವನ್ನು ಹರ್ಮನ್ ಹಾಲರಿತ್ ಎಂಬಾತನು ರಂಧ್ರ ಕೊರೆದ ಕಾರ್ಡುಗಳ ನೆರವಿನಿಂದ ಯಂತ್ರದಲ್ಲಿ ಮಾಡಿ ತೋರಿಸಿದನು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವಿದ್ಯುನ್ಮಾನ ಗಣಕಯಂತ್ರಗಳು ಬಂದಾಗ ಅವುಗಳಿಗೆ ಕೆಲಸ ಹೇಳುವ ಸಾಧನವಾಗಿ ಎಂಬತ್ತು ಕಂಬಸಾಲುಗಳ ಕಾರ್ಡು ಆಗಲೇ ಸಿದ್ಧವಾಗಿತ್ತು.

ಆ ಕಾಲದ ಗಣಕಯಂತ್ರವೆಂದರೆ ಒಂದು ದೊಡ್ಡ ಕೋಣೆಯನ್ನು ತುಂಬುವಂಥದು. ಬೆಲೆಯೂ ಅಪಾರ. ಮೊದಮೊದಲು ಒಬ್ಬೊಬ್ಬರೂ ತಮಗೆ ಗೊತ್ತುಮಾಡಿದ ವೇಳೆಯಲ್ಲಿ ಬಂದು, ತಮ್ಮ ಕಾರ್ಡುಗಳನ್ನು ಹಾಕಿ, ಕೆಲಸ ಮುಗಿಸಿಕೊಂಡು ಹೋಗಬೇಕಾಗಿತ್ತು. ಒಬ್ಬನು ಎದ್ದು ಇನ್ನೊಬ್ಬನು ಅಣಿಯಾಗುವವರೆಗೆ ಆ ದುಬಾರಿ ಯಂತ್ರವು ಸುಮ್ಮನೆ ನಿಂತಿರುತ್ತಿತ್ತು. ಈ ನಷ್ಟವನ್ನು ತಪ್ಪಿಸಲು ಅನೇಕರ ಕೆಲಸಗಳನ್ನು ಒಟ್ಟುಗೂಡಿಸಿ, ಒಂದರ ಹಿಂದೆ ಒಂದನ್ನು ಯಂತ್ರವೇ ತೆಗೆದುಕೊಳ್ಳುವಂತೆ ಮಾಡಿದರು. 1956ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐಬಿಎಂ 704 ಎಂಬ ಯಂತ್ರಕ್ಕಾಗಿ ಇಂಥ ವ್ಯವಸ್ಥೆಯೊಂದನ್ನು ರೂಪಿಸಿದವು. ಹೀಗೆ ಒಟ್ಟಿಗೆ ನಡೆಯುವ ಕೆಲಸಗಳ ಕಟ್ಟಿಗೆ ‘ಬ್ಯಾಚ್’ ಎಂದು ಹೆಸರಾಯಿತು. ಒಂದು ಸಲಕ್ಕೆ ಒಲೆಯಲ್ಲಿ ಬೇಯಿಸಿದ ರೊಟ್ಟಿಗಳಷ್ಟು ಎಂಬುದು ಆ ಇಂಗ್ಲಿಷ್ ಮಾತಿನ ಹಳೆಯ ಅರ್ಥ. ನಮ್ಮ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸುವಾಗ ‘ಒಂದು ಒಬ್ಬೆ’ ಎನ್ನುತ್ತೇವಲ್ಲ, ಅದೇ ಇದು.

ಈಗ ಚಳ್ಳಕೆರೆಯ ಎಣ್ಣೆ ಗಿರಣಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ಸುಗ್ಗಿಯ ಕಾಲದಲ್ಲಿ ರೈತರು ಶೇಂಗಾ ಚೀಲಗಳನ್ನು ತಂದು ಇಳಿಸುತ್ತಾರೆ. ಯಂತ್ರದ ಮುಂದೆ ಎಲ್ಲರೂ ನಿಂತು ಕಾಯುವುದು ಆಗದ ಮಾತು. ಆದ್ದರಿಂದ ಪ್ರತಿಯೊಬ್ಬನ ಚೀಲಗಳಿಗೂ ಒಂದು ಗುರುತು ಹಾಕಿ, ಚೀಟಿ ಕೊಟ್ಟು, ಸರದಿಯಲ್ಲಿ ಇರಿಸುತ್ತಾರೆ ಎಂದಿಟ್ಟುಕೊಳ್ಳೋಣ. ರೈತನು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತನ್ನ ಉಳಿದ ಕೆಲಸಕ್ಕೆ ಹೋಗುತ್ತಾನೆ. ಗಿರಣಿಯು ಹಗಲಿರುಳು ಓಡುತ್ತ ಒಬ್ಬೊಬ್ಬರ ಪಾಲನ್ನೂ ಅರೆಯುತ್ತದೆ. ಇಳಿದ ಎಣ್ಣೆಯನ್ನು ನೇರವಾಗಿ ಡಬ್ಬಕ್ಕೆ ಹಿಡಿಯಲು ಹೊರಟರೆ ಪ್ರತಿಯೊಂದು ಡಬ್ಬ ಬದಲಿಸುವಾಗಲೂ ಯಂತ್ರವನ್ನು ನಿಲ್ಲಿಸಬೇಕಾದೀತು. ಅದಕ್ಕಾಗಿ ನಡುವೆ ತೊಟ್ಟಿಯೊಂದು ಬೇಕು. ಯಂತ್ರವು ತನ್ನ ವೇಗದಲ್ಲಿ ತೊಟ್ಟಿಗೆ ಸುರಿಯುತ್ತದೆ. ಆಳುಗಳು ತಮ್ಮ ವೇಗದಲ್ಲಿ ತೊಟ್ಟಿಯಿಂದ ಡಬ್ಬ ತುಂಬುತ್ತಾರೆ. ಗಣಕಯಂತ್ರದಲ್ಲಿಯೂ ಹೀಗೆಯೇ ಎರಡು ಸಾಲುಗಳಿವೆ. ಮಾಡಬೇಕಾದ ಕೆಲಸಗಳ ಸಾಲು ಮೊದಲನೆಯದು. ಮಾಡಿ ಮುಗಿಸಿದ ಮೇಲೆ ಮುದ್ರಣಕ್ಕಾಗಿ ಕಾದಿರುವ ಪುಟಗಳ ಸಾಲು ಎರಡನೆಯದು.

ಈ ಎರಡನೆಯ ಸಾಲು ಏಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. 1959ರಲ್ಲಿ ಬಂದ ಐಬಿಎಂ 1403 ಎಂಬ ಪ್ರಸಿದ್ಧ ಮುದ್ರಕವು ನಿಮಿಷಕ್ಕೆ 600 ಸಾಲುಗಳನ್ನು ಅಚ್ಚು ಹಾಕಬಲ್ಲದಾಗಿತ್ತು. ಅಂದರೆ ಸೆಕೆಂಡಿಗೆ ಹತ್ತು ಸಾಲು. ಕೈಬರಹಕ್ಕೆ ಹೋಲಿಸಿದರೆ ಇದು ಮಿಂಚಿನ ವೇಗವೇ ಸರಿ. ಆದರೆ ಅದಕ್ಕೆ ಜೋಡಿಸಿದ ಗಣಕವು ಸೆಕೆಂಡಿಗೆ ಒಂದು ಲಕ್ಷ ಕೂಡುವ ಲೆಕ್ಕ ಮಾಡುತ್ತದೆ ಎಂದುಕೊಂಡರೂ, ಒಂದು ಸಾಲು ಅಚ್ಚಾಗುವ ಹೊತ್ತಿಗೆ ಹತ್ತು ಸಾವಿರ ಲೆಕ್ಕಗಳನ್ನು ಮಾಡಬಹುದಾದ ವೇಳೆ ಕಳೆದುಹೋಗುತ್ತದೆ. ಕುದುರೆಯನ್ನು ಎತ್ತಿನ ಗಾಡಿಯ ಹಿಂದೆ ಕಟ್ಟಿ ನಡೆಸಿದಂತಾಯಿತು.

ಈ ತೊಡಕಿಗೆ ಮೊದಲು ಕಂಡುಕೊಂಡ ಪರಿಹಾರ ಕಾಂತೀಯ ಪಟ್ಟಿ. ಸಣ್ಣ ಯಂತ್ರವೊಂದು ಕಾರ್ಡುಗಳನ್ನು ಓದಿ ಪಟ್ಟಿಗೆ ತುಂಬುತ್ತಿತ್ತು. ಆ ಪಟ್ಟಿಯ ಸುರುಳಿಯನ್ನು ಒಯ್ದು ದೊಡ್ಡ ಯಂತ್ರಕ್ಕೆ ಹಾಕುತ್ತಿದ್ದರು. ದೊಡ್ಡ ಯಂತ್ರವು ಲೆಕ್ಕ ಮಾಡಿ ಉತ್ತರವನ್ನು ಮತ್ತೊಂದು ಸುರುಳಿಗೆ ಬರೆಯುತ್ತಿತ್ತು. ಆ ಸುರುಳಿಯನ್ನು ತಂದು ಮತ್ತೆ ಸಣ್ಣ ಯಂತ್ರದ ಮೂಲಕ ಕಾಗದಕ್ಕೆ ಇಳಿಸುತ್ತಿದ್ದರು. ಪಟ್ಟಿಯ ಸುರುಳಿಗೂ ನೇಕಾರನ ಕಂಡಿಕೆಗೂ ಆಕಾರದಲ್ಲಿಯೂ ಕೆಲಸದಲ್ಲಿಯೂ ಹೋಲಿಕೆ ಇರುವುದನ್ನು ನೀವೇ ಕಾಣಬಹುದು. ಮುಂದೆ ತಿರುಗುವ ತಟ್ಟೆಗಳ ಸಂಗ್ರಹ ಸಾಧನಗಳು ಬಂದಾಗ ಸುರುಳಿಯನ್ನು ಹೊತ್ತು ಓಡಾಡುವ ಅಗತ್ಯ ತಪ್ಪಿತು. ಒಂದೇ ಯಂತ್ರವು ಒಂದು ಕೆಲಸವನ್ನು ಲೆಕ್ಕ ಮಾಡುತ್ತಿರುವಾಗಲೇ ಇನ್ನೊಂದರ ಕಾರ್ಡುಗಳನ್ನು ಓದಿ ತಟ್ಟೆಗೆ ತುಂಬುವುದೂ, ಮತ್ತೊಂದರ ಉತ್ತರವನ್ನು ತಟ್ಟೆಯಿಂದ ಮುದ್ರಕಕ್ಕೆ ಕಳಿಸುವುದೂ ಸಾಧ್ಯವಾಯಿತು. ಇದನ್ನೇ ‘ಸೈಮಲ್ಟೇನಿಯಸ್ ಪೆರಿಫೆರಲ್ ಆಪರೇಷನ್ಸ್ ಆನ್‌ಲೈನ್’ ಎಂದು ಕರೆದು, ಅದರ ಮೊದಲಕ್ಷರಗಳನ್ನು ಕೂಡಿಸಿ ‘ಸ್ಪೂಲ್’ ಎಂದು ವಿವರಿಸುವುದುಂಟು. ಚಂದ್ರಯಾನದ ಸಿದ್ಧತೆ ಭರದಿಂದ ಸಾಗಿದ್ದ 1960ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಬಾಹ್ಯಾಕಾಶ ಕೇಂದ್ರದಲ್ಲಿ ಇಂಥ ಕಾರ್ಯಕ್ಕಾಗಿ ರೂಪುಗೊಂಡ ‘ಹಾಸ್ಪ್’ ಎಂಬ ಕ್ರಮವಿಧಿಯು ಬಹಳ ಹೆಸರು ಪಡೆಯಿತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರವು ಸ್ಥಾಪನೆಯಾಗಿ, ಐಬಿಎಂ 360 ಮಾಲೆಯ 44ನೆಯ ಮಾದರಿಯ ಯಂತ್ರವನ್ನು ಪಡೆಯಿತು. ಅಂಥ ಗಣಕ ಕೇಂದ್ರಗಳಲ್ಲಿ ವಿದ್ಯಾರ್ಥಿಯಾದವನು ತನ್ನ ಕ್ರಮವಿಧಿಯನ್ನು ಸಾಲಿಗೊಂದರಂತೆ ಕಾರ್ಡುಗಳ ಮೇಲೆ ಕೊರೆಸಬೇಕು. ಕಟ್ಟಿನ ಮೊದಲಿಗೆ ತನ್ನ ಹೆಸರು, ಬೇಕಾಗುವ ವೇಳೆ, ಮುದ್ರಿಸಬೇಕಾದ ಪ್ರತಿಗಳು ಮುಂತಾದ ವಿವರಗಳ ಕಾರ್ಡುಗಳನ್ನು ಇಡಬೇಕು. ರಬ್ಬರು ಪಟ್ಟಿ ಸುತ್ತಿ ಕಿಟಕಿಯಲ್ಲಿ ಒಪ್ಪಿಸಿ ಹಿಂದಿರುಗಬೇಕು. ಗಂಟೆಗಳ ಅನಂತರವೋ ಮರುದಿನವೋ ಬಂದಾಗ ಅವನ ಕಟ್ಟಿನ ಜೊತೆಗೆ ಅಗಲವಾದ ಕಾಗದದ ಮಡಿಕೆಗಳು ಕಾದಿರುತ್ತಿದ್ದವು. ಒಂದು ಅಲ್ಪವಿರಾಮ ತಪ್ಪಿದ್ದರೂ ಉತ್ತರದ ಬದಲು ತಪ್ಪಿನ ಸೂಚನೆ ಮಾತ್ರ ಬಂದಿರುತ್ತಿತ್ತು. ತಿದ್ದಿ ಮತ್ತೆ ಒಪ್ಪಿಸಿ ಮತ್ತೊಂದು ದಿನ ಕಾಯುವುದೇ ಗತಿ. ಈ ಕಷ್ಟವು ಒಂದು ಒಳ್ಳೆಯ ಅಭ್ಯಾಸವನ್ನೂ ಕಲಿಸಿತು. ಒಪ್ಪಿಸುವ ಮುನ್ನ ತಾನು ಬರೆದುದನ್ನು ತಾನೇ ಎರಡು ಬಾರಿ ಓದಿ ನೋಡುವುದೇ ಆ ಅಭ್ಯಾಸ.

ಕಾರ್ಡುಗಳ ಕಾಲ ಮುಗಿದರೂ ಸರದಿಯ ಕ್ರಮ ಮುಗಿಯಲಿಲ್ಲ. 1988ರಲ್ಲಿ ಐಬಿಎಂ ಸಂಸ್ಥೆಯು ‘ಎಎಸ್/400’ ಎಂಬ ಮಧ್ಯಮ ಗಾತ್ರದ ಗಣಕವನ್ನು ಹೊರತಂದಿತು. ಈ ಯಂತ್ರದ ಮುಂದೆ ಕುಳಿತವನು ‘ಸಬ್ಮಿಟ್ ಜಾಬ್’ ಎಂಬ ಅಪ್ಪಣೆಯನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಮೊದಲನೆಯದಾಗಿ, ಯಂತ್ರವು ಆ ಕೆಲಸವನ್ನು ಕೂಡಲೇ ಮಾಡಲು ತೊಡಗುವುದಿಲ್ಲ. ಅದಕ್ಕೊಂದು ಹೆಸರನ್ನೂ ಸಂಖ್ಯೆಯನ್ನೂ ಕೊಟ್ಟು ಕೆಲಸಗಳ ಸರದಿಯಲ್ಲಿ ನಿಲ್ಲಿಸುತ್ತದೆ. ಅಪ್ಪಣೆ ಕೊಟ್ಟವನು ಅಲ್ಲಿಗೆ ಬಿಡುಗಡೆ ಹೊಂದಿ ಬೇರೆ ಕೆಲಸಕ್ಕೆ ತೊಡಗಬಹುದು. ಎರಡನೆಯದಾಗಿ, ಸರದಿ ಬಂದಾಗ ಯಂತ್ರವು ಆ ಕೆಲಸವನ್ನು ಎತ್ತಿಕೊಂಡು, ಬೇಕಾದ ದಾಖಲೆಗಳನ್ನು ಓದಿ, ಲೆಕ್ಕ ಮಾಡಿ, ಪುಟಗಳನ್ನು ಜೋಡಿಸುತ್ತದೆ. ಮೂರನೆಯದಾಗಿ, ಆ ಪುಟಗಳನ್ನು ನೇರವಾಗಿ ಮುದ್ರಕಕ್ಕೆ ಕಳಿಸದೆ ಒಂದು ಕಡತವಾಗಿ ಬರೆದಿಡುತ್ತದೆ. ಇದೇ ಸ್ಪೂಲ್ ಕಡತ. ಕೊನೆಯದಾಗಿ, ಮುದ್ರಕವು ಬಿಡುವಾದಾಗ ಈ ಕಡತವನ್ನು ಮುದ್ರಣದ ಸರದಿಯಿಂದ ತೆಗೆದುಕೊಂಡು ಕಾಗದಕ್ಕೆ ಇಳಿಸುತ್ತದೆ.

ಸ್ಪೂಲ್ ಕಡತದಲ್ಲಿ ಪುಟದ ಬರಹವಷ್ಟೇ ಇರುವುದಿಲ್ಲ. ಅದು ಯಾರ ಕೆಲಸ, ಎಷ್ಟು ಪುಟ, ಎಷ್ಟು ಪ್ರತಿ, ಯಾವ ಬಗೆಯ ಕಾಗದ, ಯಾವಾಗ ಸಿದ್ಧವಾಯಿತು ಎಂಬ ವಿವರಗಳೂ ಅದರೊಡನೆ ಇರುತ್ತವೆ. ಕಡತವು ಸಿದ್ಧವಾಗಿ ಕಾದಿರಬಹುದು, ಅಚ್ಚಾಗುತ್ತಿರಬಹುದು, ಮುಂದಿನ ಅಪ್ಪಣೆಯವರೆಗೆ ತಡೆಹಿಡಿಯಲ್ಪಟ್ಟಿರಬಹುದು, ಅಚ್ಚಾದ ಮೇಲೂ ಮರುಬಳಕೆಗಾಗಿ ಉಳಿಸಲ್ಪಟ್ಟಿರಬಹುದು. ಮುನ್ನೂರನೆಯ ಪುಟದಲ್ಲಿ ಕಾಗದ ಸಿಕ್ಕಿಕೊಂಡರೆ ಅಥವಾ ವಿದ್ಯುತ್ತು ಹೋದರೆ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗಿಲ್ಲ. ಕಡತವು ಹಾಗೆಯೇ ಇರುವುದರಿಂದ ಕೆಟ್ಟ ಪುಟದಿಂದ ಮುಂದಕ್ಕೆ ಮುದ್ರಿಸಿದರೆ ಸಾಕು. ಒಂದೇ ಸರದಿಯಿಂದ ಹಲವು ಮುದ್ರಕಗಳು ಕೆಲಸವನ್ನು ಹಂಚಿಕೊಳ್ಳಲೂಬಹುದು.

ಈ ಹಂಚಿಕೆಯ ಬೆಲೆ ಎಷ್ಟೆಂದು ನಿಮಗೆ ಹತ್ತಿರವಾದ ಉದಾಹರಣೆಯಿಂದಲೇ ತಿಳಿಯಬಹುದು. ಮುಂದಿನ ವರ್ಷ ನೀವು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುವಿರಿ. ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಗೆ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೆಸರು ಕೊಡುತ್ತಾರೆ. ಒಬ್ಬರಿಗೆ ಒಂದರಂತೆ ಎಂಟೂವರೆ ಲಕ್ಷ ಹಾಳೆಗಳನ್ನು ನಿಮಿಷಕ್ಕೆ ಅರುವತ್ತು ಹಾಳೆ ಮುದ್ರಿಸುವ ಒಂದೇ ಯಂತ್ರದಿಂದ ಹೊರಡಿಸಬೇಕೆಂದು ಭಾವಿಸಿ. ಹಗಲಿರುಳು ನಿಲ್ಲದೆ ನಡೆದರೂ ಸುಮಾರು ಹತ್ತು ದಿನ ಬೇಕು. ಅಂಥ ಹತ್ತು ಯಂತ್ರಗಳು ಒಂದೇ ಸರದಿಯಿಂದ ಹಾಳೆಗಳನ್ನು ತೆಗೆದುಕೊಂಡರೆ ಒಂದು ದಿನದಲ್ಲಿ ಮುಗಿಯುತ್ತದೆ. ಅಂಕಗಳನ್ನು ಕೂಡುವ ಕೆಲಸವಾದರೋ ಗಣಕಕ್ಕೆ ಕೆಲವೇ ನಿಮಿಷಗಳದ್ದು.

ಇನ್ನು ಈ ಪಾಠದಲ್ಲಿ ಅತ್ಯಂತ ಮುಖ್ಯವಾದ ಮಾತಿಗೆ ಬರೋಣ. ಚಳ್ಳಕೆರೆ, ಮೊಳಕಾಲ್ಮುರುಗಳಂಥ ಬರದ ಸೀಮೆಯಲ್ಲಿ ರೈತನಿಗೆ ಪಹಣಿ ಎಂಬ ಒಂದು ಹಾಳೆಯು ಬಹಳ ದೊಡ್ಡದು. ಹೊಲ ಯಾರದು, ಎಷ್ಟು ಎಕರೆ, ಏನು ಬೆಳೆ, ಯಾವ ಸಾಲ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬ್ಯಾಂಕಿನ ಸಾಲಕ್ಕೂ ಬೆಳೆವಿಮೆಗೂ ಅಣ್ಣತಮ್ಮಂದಿರ ಪಾಲಿಗೂ ಅದೇ ಆಧಾರ. ಹಿಂದೆ ರಾಜ್ಯದ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು ಇವನ್ನು ಕೈಯಿಂದ ಬರೆದು ಇಟ್ಟುಕೊಳ್ಳುತ್ತಿದ್ದರು. ಒಂದು ಪ್ರತಿಗಾಗಿ ರೈತನು ಎಷ್ಟೋ ಸಲ ಅಲೆಯಬೇಕಾಗುತ್ತಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಕ್ಕೆ ತುಂಬಿಸಿತು. ಇದರ ಕ್ರಮವಿಧಿಯನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು.

ಕಿಟಕಿಯಲ್ಲಿ ನಿಂತ ರೈತನಿಗೆ ಒಂದು ಹಾಳೆಯನ್ನು ಒಡನೆಯೇ ಕೊಡುವುದು ಒಂದು ಬಗೆಯ ಕೆಲಸ. ಇದನ್ನು ಸರದಿಯಲ್ಲಿ ನಾಳೆಗೆ ಇಡುವಂತಿಲ್ಲ. ಅವನು ಬಸ್ಸು ಹಿಡಿದು ಊರು ಸೇರಬೇಕು. ಒಂದು ಹಳ್ಳಿಯ ಎಲ್ಲ ಸರ್ವೆ ನಂಬರುಗಳ ಪಟ್ಟಿಯನ್ನು ಒಟ್ಟಿಗೆ ತೆಗೆಯುವುದು ಇನ್ನೊಂದು ಬಗೆಯ ಕೆಲಸ. ಇದನ್ನು ಒಬ್ಬೆಯ ಕೆಲಸವಾಗಿ ರಾತ್ರಿಯ ವೇಳೆಗೆ ಒಪ್ಪಿಸಿದರೆ ಹಗಲಿನ ಕಿಟಕಿಗೆ ಅಡ್ಡಿಯಾಗದು. ಯಾವುದನ್ನು ಕಾಯಿಸಬಹುದು, ಯಾವುದನ್ನು ಕಾಯಿಸಬಾರದು ಎಂಬ ವಿವೇಕವು ಯಂತ್ರದ್ದಲ್ಲ, ಮನುಷ್ಯನದು.

ಒಬ್ಬೆಯ ಕೆಲಸದಲ್ಲಿ ಎಚ್ಚರವಹಿಸಬೇಕಾದ ಸಂಗತಿಗಳು ಕೆಲವಿವೆ. ಇದು ಯಾರೂ ಬಳಿ ಇಲ್ಲದಾಗ ನಡೆಯುವ ಕೆಲಸ. ನಡುವೆ ಸಂದೇಹ ಬಂದರೆ ಕೇಳಲು ಯಂತ್ರಕ್ಕೆ ಎದುರಿನಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಎಲ್ಲ ಉತ್ತರಗಳನ್ನೂ ಮೊದಲೇ ಕೊಟ್ಟಿರಬೇಕು. ಹಳ್ಳಿಯ ಸಂಖ್ಯೆಯನ್ನು ತಪ್ಪಾಗಿ ಕೊಟ್ಟರೆ ಯಂತ್ರವು ಆ ಸಂಖ್ಯೆಯ ದಾಖಲೆಗಳಿಗಾಗಿ ಹುಡುಕಿ, ಒಂದೂ ಸಿಗದೆ, ಬರಿದಾದ ಕಡತವನ್ನು ಬರೆದು, ಕೆಲಸ ಮುಗಿಯಿತು ಎಂದು ವರದಿ ಮಾಡೀತು. ಕೆಲಸ ಮುಗಿಯುವುದು ಬೇರೆ, ಕೆಲಸ ಸರಿಯಾಗುವುದು ಬೇರೆ. ಇದನ್ನು ಕಂಡುಹಿಡಿಯಲು ಒಂದು ಸರಳ ಉಪಾಯವಿದೆ. ಓದಿದ ದಾಖಲೆಗಳೆಷ್ಟು, ಅಚ್ಚಾದ ಹಾಳೆಗಳೆಷ್ಟು ಎಂದು ಎಣಿಸಿ ಎರಡನ್ನೂ ತಾಳೆ ನೋಡುವುದೇ ಆ ಉಪಾಯ. ಗಿರಣಿಯಲ್ಲಿ ಚೀಲದ ಲೆಕ್ಕಕ್ಕೂ ಎಣ್ಣೆಯ ಲೆಕ್ಕಕ್ಕೂ ತಾಳೆ ನೋಡುವುದಿಲ್ಲವೇ?

ಅದೇ ಕೆಲಸವನ್ನು ಮರೆತು ಎರಡು ಬಾರಿ ಒಪ್ಪಿಸಿದರೆ ಏನಾಗುತ್ತದೆ? ಬರಿಯ ಮುದ್ರಣವಾದರೆ ಕಾಗದ ದಂಡವಾಗುತ್ತದೆ, ಅಷ್ಟೆ. ಆದರೆ ಸಾಲಕ್ಕೆ ಬಡ್ಡಿ ಸೇರಿಸುವ ಲೆಕ್ಕವಾದರೆ ರೈತನ ತಲೆಯ ಮೇಲೆ ಎರಡು ಪಟ್ಟು ಬಡ್ಡಿ ಬೀಳುತ್ತದೆ. ಆದ್ದರಿಂದ ಬಲ್ಲವರು ಲೆಕ್ಕ ಮಾಡುವ ಕೆಲಸವನ್ನೂ ಮುದ್ರಿಸುವ ಕೆಲಸವನ್ನೂ ಬೇರೆ ಬೇರೆಯಾಗಿ ಇಡುತ್ತಾರೆ. ಲೆಕ್ಕ ಒಂದೇ ಬಾರಿ ನಡೆಯಬೇಕು. ಮುದ್ರಣ ಎಷ್ಟು ಬಾರಿಯಾದರೂ ನಡೆಯಬಹುದು.

ಇನ್ನೊಂದು ಸೂಕ್ಷ್ಮವೂ ಇದೆ. ಸ್ಪೂಲ್ ಕಡತವೆಂಬುದು ತೆಗೆದಿಟ್ಟ ಭಾವಚಿತ್ರದಂತೆ. ಅದು ಬರೆದ ಹೊತ್ತಿನ ಸತ್ಯವನ್ನು ಮಾತ್ರ ಹೇಳುತ್ತದೆ. ರಾತ್ರಿ ಹತ್ತು ಗಂಟೆಗೆ ಕಡತ ಸಿದ್ಧವಾಯಿತೆನ್ನಿ. ಮರುದಿನ ಬೆಳಿಗ್ಗೆ ತಂದೆಯ ಹೆಸರಿನ ಹೊಲವು ಮಗಳ ಹೆಸರಿಗೆ ದಾಖಲಾಯಿತೆನ್ನಿ. ಮಧ್ಯಾಹ್ನ ಆ ಹಳೆಯ ಕಡತವನ್ನು ಮುದ್ರಿಸಿದರೆ ಹಾಳೆಯ ಮೇಲೆ ತಂದೆಯ ಹೆಸರೇ ಬರುತ್ತದೆ. ಕಾಗದ ಹೊಸದು, ಮಸಿ ಹೊಸದು, ಸಂಗತಿ ಮಾತ್ರ ಹಳೆಯದು. ಈ ಕಾರಣದಿಂದಲೇ ಇಂಥ ಪ್ರತಿಯೊಂದು ಹಾಳೆಯ ಮೇಲೂ ಅದು ಸಿದ್ಧವಾದ ದಿನವನ್ನೂ ವೇಳೆಯನ್ನೂ ಅಚ್ಚು ಹಾಕಬೇಕು. ಓದುವವರು ಅದನ್ನು ಮೊದಲು ನೋಡಬೇಕು.

ಎಲ್ಲಕ್ಕೂ ಮಿಗಿಲಾಗಿ, ದಾಖಲೆಯಲ್ಲಿಯೇ ತಪ್ಪಿದ್ದರೆ ಯಂತ್ರವು ಅದನ್ನು ತಿದ್ದುವುದಿಲ್ಲ. ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಆ ತಪ್ಪನ್ನೇ ಸೊಗಸಾದ ಅಚ್ಚಿನಲ್ಲಿ ಬೇಕಾದಷ್ಟು ಪ್ರತಿಗಳಲ್ಲಿ ಹೊರಡಿಸುತ್ತದೆ. ಕೈಬರಹದ ತಪ್ಪನ್ನು ಜನ ಸಂದೇಹದಿಂದ ನೋಡುತ್ತಾರೆ. ಅಚ್ಚಿನ ತಪ್ಪನ್ನು ಸತ್ಯವೆಂದು ನಂಬಿಬಿಡುತ್ತಾರೆ. ಮೊಳಕಾಲ್ಮುರಿನ ಅನುಭವಿ ನೇಕಾರನು ಹೊಸ ಕಾರ್ಡುಮಾಲೆಯನ್ನು ಏರಿಸಿದಾಗ ಮೊದಲು ಗೇಣುದ್ದ ನೇಯ್ದು, ಚಿತ್ತಾರವನ್ನು ಕಣ್ಣಿಟ್ಟು ನೋಡಿ, ಬಳಿಕವಷ್ಟೇ ಸೀರೆಯನ್ನು ಮುಂದುವರಿಸುತ್ತಾನೆ. ಗಣಕದಲ್ಲಿಯೂ ಕಡತವನ್ನು ತಡೆಹಿಡಿದು, ಒಂದು ಪುಟವನ್ನು ನೋಡಿ, ಸರಿಯೆನಿಸಿದ ಮೇಲೆ ಮುದ್ರಣಕ್ಕೆ ಬಿಡುವ ಸೌಕರ್ಯ ಇರುವುದು ಇದಕ್ಕಾಗಿಯೇ.

ಇಂದು ಗಣಕಯಂತ್ರಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿವೆ. ಆದರೂ ಒಬ್ಬೆಯ ಕ್ರಮ ಅಳಿದಿಲ್ಲ. ಬ್ಯಾಂಕುಗಳು ದಿನದ ವ್ಯವಹಾರ ಮುಗಿದ ಮೇಲೆ ರಾತ್ರಿ ಲೆಕ್ಕ ಮುಗಿಸುವುದು ಹೀಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಎಂಬ ಮಹಾಗಣಕದಲ್ಲಿಯೂ ಸಂಶೋಧಕರು ತಮ್ಮ ಕೆಲಸಗಳನ್ನು ಸರದಿಯಲ್ಲಿ ಒಪ್ಪಿಸಿ ಕಾಯಬೇಕು. ಅದೇ ಸಂಸ್ಥೆಯ ಎರಡನೆಯ ಆವರಣವು ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಇದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಿಮ್ಮ ಶಾಲೆಯ ಉಪಾಧ್ಯಾಯರಲ್ಲಿ ಕೆಲವರು ಅಲ್ಲಿ ಕಲಿತು ಬಂದವರಾಗಿರಬಹುದು.

ಕೊನೆಗೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಬಳಿಗೆ ಹೋಗೋಣ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಅಪ್ಪಣೆಯು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದುದು. ಅಪ್ಪಣೆ ಹೊರಟದ್ದು ಒಂದು ಕಡೆ. ಅದು ಕಲ್ಲಿನ ಮೇಲೆ ಮೂಡಿದ್ದು ಮೂರು ಕಡೆ. ಅಪ್ಪಣೆ ಕೊಟ್ಟವನು ಬಂಡೆಯ ಬಳಿ ನಿಂತು ನೋಡಲಿಲ್ಲ. ಆದರೂ ಕೆಲಸ ನಡೆಯಿತು. ಕೆಳಗೆ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ತಿಳಿಸುವ ಮಾತನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ತಂದೆತಾಯಿಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಆ ಶಾಸನದ ಸಾರ.

ಎರಡು ಸಾವಿರ ವರ್ಷಗಳಿಗೂ ಮೀರಿ ಆ ಅಕ್ಷರಗಳು ಉಳಿದಿವೆ. ನಾವು ಬರೆಯುವ ಕಡತಗಳು ಅಷ್ಟು ಕಾಲ ಬಾಳಲಾರವು. ಅಚ್ಚಾದ ಮೇಲೆ ಅವುಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಆದರೆ ಆ ಹಾಳೆಯನ್ನು ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತ ರೈತನಿಗೆ ಅದರ ಒಂದು ಸಾಲೇ ಒಂದು ವರ್ಷದ ಬಾಳು. ಮುಂದೆ ನಿಮ್ಮಲ್ಲಿ ಯಾರಾದರೂ ಗಣಕದ ಮುಂದೆ ಕುಳಿತು ಸಾವಿರ ಜನರ ಹೆಸರಿರುವ ಕೆಲಸವೊಂದನ್ನು ಒಪ್ಪಿಸುವ ಹೊತ್ತು ಬಂದೀತು. ಆಗ ಗುಂಡಿ ಒತ್ತುವ ಮುನ್ನ ಒಮ್ಮೆ ನಿಂತು, ಬರೆದುದನ್ನು ಮತ್ತೊಮ್ಮೆ ಓದಿ ನೋಡಿ. ನೀವು ಎದ್ದುಹೋದ ಮೇಲೆ ನಿಮ್ಮ ಪರವಾಗಿ ಮಾತಾಡುವುದು ಅದೊಂದೇ.